ಇವಳು ಅವಳಲ್ಲ ಅಂದರು

ಓದುತ್ತಿರುವ ಎಲ್ಲರಿಗೂ ನಮಸ್ಕಾರ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೀಸೆ ಬಂದ ಮೇಲೆ. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಈಗಲೂ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ. ಮೊಮ್ಮಗಳು ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿಕೊಟ್ಟಿದ್ದಾಳೆ. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತೇನೆ. ತಪ್ಪು ಕಂಡರೆ ದಯವಿಟ್ಟು ಮನ್ನಿಸಿ ಮುಂದೆ ಓದಿ. ನಡುವೆ ನನ್ನ ಸಿಟ್ಟು ಕಂಡರೆ ಅದನ್ನೂ ಸ್ವಲ್ಪ ಸಹಿಸಿಕೊಳ್ಳಿ. ಎಂಬತ್ತು ದಾಟಿದ ಮೇಲೂ ಇಳಿಯದ ಸಿಟ್ಟು ಅದು.

ಕಳೆದ ವಾರ ಮೊಮ್ಮಗಳ ಗೆಳತಿಯ ಸೀಮಂತಕ್ಕೆಂದು ಗಾಜಿನ ಬಳೆ ತರಲು ಹಂಪನಕಟ್ಟೆಗೆ ಹೋಗಿದ್ದೆವು. ಅವಳು ಬಣ್ಣ ಆರಿಸುವಾಗ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಎದುರಿನ ಗೂಟದಲ್ಲಿ ಒಂದು ಗೊಂಚಲು ಹಸಿರು ಬಳೆ ನೇತಾಡುತ್ತಿತ್ತು. ಒಂದೊಂದೂ ನನ್ನ ಕೈಗೇ ಸಲೀಸಾಗಿ ಹೋಗುವಷ್ಟು ದೊಡ್ಡದು. ಅಂಗಡಿಯ ಚಂದಕ್ಕೆ ತೂಗುಹಾಕಿದ್ದು ಅಂತ ತಿಳಿದು, ಅಲ್ಲಿಯ ಹುಡುಗಿಯನ್ನು ಸುಮ್ಮನೆ ಕೇಳಿದೆ.

"ಇಲ್ಲ ಅಜ್ಜ, ಅದು ಹಾಕ್ಲಿಕ್ಕೇ ಇರುವುದು. ದೊಡ್ಡ ಕೈಯವರು ಬರ್ತಾರಲ್ಲ, ಅವರಿಗೆ. ಸೈಜ್ ಇಲ್ಲ ಅಂತ ಯಾರನ್ನಾದ್ರೂ ವಾಪಸು ಕಳಿಸ್ಲಿಕ್ಕೆ ಆಗ್ತದಾ?"

ಎಷ್ಟು ಸುಲಭವಾಗಿ ಹೇಳಿಬಿಟ್ಟಳು! ಒಂದು ಬಳೆ ಇಳಿಸಿಕೊಟ್ಟಳು. ಅದನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತೆ. ಮೊಮ್ಮಗಳು ಬಂದು ಭುಜ ಅಲುಗಿಸಿದಾಗಲೇ ಎಚ್ಚರವಾದದ್ದು. ಅಷ್ಟು ಹೊತ್ತು ನಾನು ಮಣ್ಣಗುಡ್ಡದ ನಮ್ಮ ಹಳೆಯ ಮನೆಯ ಅಂಗಳದಲ್ಲಿ, ನೆರೆಮನೆಯ ಅಕ್ಕನ ಹತ್ತಿರ ಇದ್ದೆ...

ನೆರೆಮನೆ ಅಂದರೆ ನಡುವೆ ಒಂದು ಮಣ್ಣಿನ ಗೋಡೆ, ಅಷ್ಟೇ. ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಾವಿಬ್ಬರೂ ನದಿ ಬದಿಯ ಒಂದು ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆವು. ನಾನು ಮಣ್ಣು ತುಳಿಯುವ ಕಡೆ, ಅವಳು ಹಸಿ ಹಂಚು ಹೊರುವ ಕಡೆ. ಬೆಳಿಗ್ಗೆ ಕಾರ್ಖಾನೆಯ ಕೂಗು ಕೇಳುವ ಮೊದಲೇ ಒಟ್ಟಿಗೆ ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ಅವಳದೇ ಮಾತು. ಮೇಸ್ತ್ರಿಯ ನಡೆ, ಅವನ ಕೆಮ್ಮು, ಅವನು ಹೆಂಡತಿಯನ್ನು ಕರೆಯುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ನಗಿಸಿ ನಗಿಸಿ ಸಾಕು ಮಾಡುತ್ತಿದ್ದಳು.

ಅವಳ ಗಂಡನನ್ನು ನಾನು ಭಾವ ಅಂತ ಕರೆಯುತ್ತಿದ್ದೆ. ಕಾವೂರಿನವನು. ನಮ್ಮಲ್ಲಿ ಹೆಣ್ಣಿನ ಕಡೆಯಿಂದ ಮನೆತನ ನಡೆಯುವುದರಿಂದ ಅಕ್ಕ ತಾಯಿಮನೆಯಲ್ಲೇ, ಅಣ್ಣನ ಒಟ್ಟಿಗೆ ಇದ್ದಳು. ಭಾವ ಬೊಂಬಾಯಿಯ ಹೋಟೆಲಿನಲ್ಲಿದ್ದು ಮಳೆಗಾಲಕ್ಕೆ ಊರಿಗೆ ಬರುತ್ತಿದ್ದ. ಎರಡನೆಯ ಮಹಾಯುದ್ಧ ಸುರುವಾದ ಮೇಲೆ ಸೈನ್ಯದ ಅಡಿಗೆಮನೆಗೆ ಸೇರಿ ಸಮುದ್ರದಾಚೆ ಎಲ್ಲೆಲ್ಲಿಗೋ ಹೋದ. ಹೋಗುವ ಮೊದಲು ಅಕ್ಕನನ್ನು ಹಂಪನಕಟ್ಟೆಯ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಜೋಡಿ ಫೋಟೋ ತೆಗೆಸಿದ್ದ. ಒಂದು ಪ್ರತಿ ಅವನ ಪೆಟ್ಟಿಗೆಯಲ್ಲಿ ಹೋಯಿತು, ಒಂದು ಅಕ್ಕನ ಮನೆಯ ಗೋಡೆಗೆ ಬಂತು. ಅದರಲ್ಲಿ ಅವಳ ಮುಖ ಸಣ್ಣದು. ಗದ್ದ ಚೂಪು, ಮೂಗಿನಲ್ಲಿ ಒಂದು ಬೊಟ್ಟು. ಸೊಂಟದಲ್ಲಿ ಕೂಸು, ಅವರ ಮಗಳು.

ಭಾವ ಹೋದ ಮೇಲೆ ಸುರುವಾಯಿತು. ಮೊದಲು ಬಿಗಿಯಾದದ್ದು ಬಳೆ.

ಬುಟ್ಟಿ ಹೊತ್ತು ಬರುತ್ತಿದ್ದ ಬಳೆಗಾರ್ತಿ ಅಕ್ಕನ ಕೈಗೆ ಸಾಬೂನು ಹಚ್ಚಿ ಹಿಂಡುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ಕೈ ಸಡಿಲ ಬಿಡು ಮಾರಾಯ್ತಿ, ಕಲ್ಲು ಹಿಡಿದ ಹಾಗೆ ಹಿಡೀಬೇಡ" ಅನ್ನುತ್ತಿದ್ದಳು. "ನಾನು ಹಿಡಿದಿಲ್ಲ, ಕೈಯೇ ಹಾಗಾಗಿದೆ" ಅಂತ ಅಕ್ಕ. ಒಂದು ವರ್ಷ ಅವಳ ಬುಟ್ಟಿಯ ದೊಡ್ಡ ಬಳೆ ಹೇಗೋ ಹೋಯಿತು. ಮರುವರ್ಷ ಅದೂ ಹೋಗಲಿಲ್ಲ, ಗೆಣ್ಣಿನ ಹತ್ತಿರ ಒಡೆದು ರಕ್ತ ಬಂತು. ಆಮೇಲೆ ಬಳೆಗಾರ್ತಿ ಅವರ ಮನೆಯ ಎದುರು ಬಂದಾಗ ಕೂಗುವುದನ್ನೇ ನಿಲ್ಲಿಸಿ ಮುಂದೆ ಹೋಗತೊಡಗಿದಳು. ಗಂಡ ಬದುಕಿರುವ ಹೆಂಗಸಿನ ಕೈ ಬರಿದಾಯಿತು. ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿ ತೆಗೆದ.

ಕೈ ಆದ ಮೇಲೆ ಕಾಲು. ಪಾದ ಅಗಲವಾಯಿತು. ಮತ್ತೆ ಮೂಗು, ತುಟಿ, ಹುಬ್ಬಿನ ಎಲುಬು. ಗದ್ದ ಮುಂದಕ್ಕೆ ಬಂದು ಹಲ್ಲುಗಳ ನಡುವೆ ಸಂದು ಬಿತ್ತು. ನಾಲಗೆ ದಪ್ಪವಾಗಿ ಸ್ವರ ಇಳಿಯಿತು, ಗೋಡೆಯಾಚೆಯಿಂದ ಮಾತಾಡಿದರೆ ಗಂಡಸು ಅಂತ ತಿಳಿಯಬೇಕು. ಸುಮ್ಮನೆ ಕೂತರೂ ಮೈಯೆಲ್ಲ ಬೆವರು. ತಲೆನೋವು ಬಂದರೆ ಹಣೆಗೆ ಬಟ್ಟೆ ಬಿಗಿದು ಕಟ್ಟಿ ಕೆಲಸಕ್ಕೆ ಬರುತ್ತಿದ್ದಳು. ಎತ್ತರ ಮಾತ್ರ ಒಂದು ಬೆರಳಿನಷ್ಟೂ ಹೆಚ್ಚಾಗಲಿಲ್ಲ. ಇದೆಲ್ಲ ಒಂದು ದಿನದಲ್ಲಿ ಆದದ್ದಲ್ಲ ನೋಡಿ. ವರ್ಷಗಟ್ಟಲೆ, ಗೊತ್ತೇ ಆಗದ ಹಾಗೆ ಆದದ್ದು. ದಿನಾ ಒಟ್ಟಿಗೆ ನಡೆಯುತ್ತಿದ್ದ ನನಗೆ ಅವಳು ಬದಲಾದದ್ದು ಕಾಣಲೇ ಇಲ್ಲ ಅಂದರೆ ನೀವು ನಂಬಬೇಕು. ನನಗೆ ಅವಳು ಅಕ್ಕ, ಅಷ್ಟೇ.

ಆದರೆ ಊರಿಗೆ ಕಂಡಿತು. ಊರಿಗೆ ಬೇರೆ ಕೆಲಸ ಉಂಟಾ? ಬಸುರಿಯರಿಗೆ ಅವಳ ಮುಖ ನೋಡಬೇಡಿ ಅಂತ ಹೇಳುತ್ತಿದ್ದರು. ಬಾವಿಕಟ್ಟೆಗೆ ಅವಳು ಬಂದರೆ ಕೊಡ ತುಂಬದಿದ್ದರೂ ಎತ್ತಿಕೊಂಡು ನಡೆಯುತ್ತಿದ್ದರು. ಯಾವುದೋ ಹರಕೆ ಬಾಕಿ ಅಂದರು, ಯಾರದೋ ಶಾಪ ಅಂದರು. ಸ್ವಂತ ಅಣ್ಣ, ಮದುವೆಯಾಗದ ಕಿರಿಯ ತಂಗಿಯನ್ನು ನೋಡಲು ಗಂಡಿನವರು ಬರುತ್ತಾರೆಂದಾಗ ಅಕ್ಕನನ್ನು ಹಿಂದಿನ ಸೌದೆ ಕೋಣೆಯಲ್ಲಿ ಕೂರಿಸುತ್ತಿದ್ದ. ಬಂದವರು ಹೊರಟು ಹೋಗುವ ತನಕ ಆ ಬೆವರುವ ಮೈ ಹಿಡಿದುಕೊಂಡು ಅವಳು ಅಲ್ಲಿ ಕೂರಬೇಕಿತ್ತು.

ಕಾರ್ಖಾನೆಯಲ್ಲಿ ಇನ್ನೊಂದು ತಮಾಷೆ. ಹಸಿ ಹಂಚನ್ನು ಅಂಚಿನಲ್ಲಿ ಮೆಲ್ಲನೆ ಹಿಡಿಯಬೇಕು, ಬೆರಳು ಒತ್ತಿದರೆ ಗುಳಿ ಬೀಳುತ್ತದೆ, ಆ ಹಂಚು ಬಿಸಾಡಬೇಕು. ಅಕ್ಕನ ದಪ್ಪ ಬೆರಳಿಗೆ ಗುಳಿ ಬೀಳತೊಡಗಿತು. ಮೇಸ್ತ್ರಿ ಅವಳನ್ನು ಅಲ್ಲಿಂದ ತೆಗೆದು, ಸುಟ್ಟ ಹಂಚು ದೋಣಿಗೆ ತುಂಬಿಸುವ ಕೆಲಸಕ್ಕೆ ಹಾಕಿದ. ಅದು ಗಂಡಸರ ಕೆಲಸ. "ಗಂಡಸಿನ ಕೈ ಬಂದಿದೆ, ಗಂಡಸಿನ ಹೊರೆ ಹೊರು" ಅಂದ. ಎಲ್ಲರೂ ನಕ್ಕರು. ಕೈ ದೊಡ್ಡದಾದದ್ದು ಶಕ್ತಿ ಬಂದು ಅಲ್ಲ ಅಂತ ಯಾರಿಗೆ ಗೊತ್ತು? ಆ ದೊಡ್ಡ ಕೈಗಳ ಗೆಣ್ಣು ಗೆಣ್ಣೂ ನೋಯುತ್ತಿತ್ತು. ಸಂಜೆ ಹಿಂದೆ ಬರುವಾಗ ಸೆರಗಿನ ಗಂಟು ಬಿಚ್ಚಲಿಕ್ಕೂ ಆಗದೆ ನನ್ನಿಂದ ಬಿಚ್ಚಿಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು. ಹೊರೆ ಗಂಡಸಿನದು, ಕೂಲಿ ಮಾತ್ರ ಹೆಂಗಸಿನದ್ದೇ.

ತಲೆನೋವು ತಡೆಯಲಾಗದೆ ಅವಳು ಒಂದು ಆಸ್ಪತ್ರೆಗೆ ಹೋದಳು. ಅಲ್ಲಿ ಹೊಸತಾಗಿ ಬಂದಿದ್ದ ಒಬ್ಬ ಡಾಕ್ಟ್ರಮ್ಮ ಅವಳ ಕೈ ಕಾಲು ನಾಲಗೆ ಎಲ್ಲ ನೋಡಿ, ಹಳೆಯ ಫೋಟೋ ಏನಾದರೂ ಉಂಟಾ ಅಂತ ಕೇಳಿದರಂತೆ. ಅಕ್ಕ ಮರುದಿನ ಗೋಡೆಯ ಫೋಟೋ ಇಳಿಸಿ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅವರು ಫೋಟೋವನ್ನು ಅವಳ ಮುಖದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರಂತೆ.

ಅದರ ಮರುದಿನ ಬೆಳಿಗ್ಗೆ ಕಾರ್ಖಾನೆಯ ದಾರಿಯಲ್ಲಿ ಅವಳು ಹೇಳಿದ ಮಾತು ಹಾಗೇ ಬರೆಯುತ್ತೇನೆ. ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

"ಕಾಯಿಲೆ ಅಂತೆ ಮಾರಾಯ! ಶಾಪ ಅಲ್ಲ, ಎಂತದೂ ಅಲ್ಲ. ಮೆದುಳಿನ ಅಡಿಯಲ್ಲಿ ಒಂದು ಗ್ರಂಥಿ ಉಂಟಂತೆ, ಕಡ್ಲೆಯಷ್ಟು. ಬೆಳೀಬೇಕಾದ ಪ್ರಾಯದಲ್ಲಿ ಮನುಷ್ಯರನ್ನು ಬೆಳೆಸುವುದು ಅದಂತೆ. ನನ್ನದಕ್ಕೆ ಸಾಕು ಅಂತ ಹೇಳುವವರಿಲ್ಲ, ಬೆಳೆಸ್ತಾನೇ ಉಂಟು. ಬೇರೆ ಊರಲ್ಲಿ ಸಹ ಇಂಥವರು ಇದ್ದಾರಂತೆ. ನಾನೊಬ್ಬಳೇ ಅಲ್ಲ!"

ಅಷ್ಟು ಖುಷಿಯಲ್ಲಿ ಅವಳನ್ನು ನಾನು ಮತ್ತೆ ನೋಡಲಿಲ್ಲ. ಕಾಯಿಲೆ ಅಂತ ಗೊತ್ತಾಗಿ ಕುಣಿದಾಡಿದ ಬೇರೆ ಯಾರನ್ನೂ ನೋಡಿಲ್ಲ. ಮದ್ರಾಸಿನಲ್ಲಿ ಒಂದು ಬಗೆಯ ಬೆಳಕು ಬಿಟ್ಟು ಆ ಗ್ರಂಥಿಯನ್ನು ಸುಡುತ್ತಾರೆ, ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ, ಆದರೂ ಹೋಗಿ ನೋಡಿ ಅಂತ ಡಾಕ್ಟ್ರಮ್ಮ ಹೇಳಿದ್ದರು. ಅಣ್ಣನ ಹತ್ತಿರ ಕೇಳಿದಳು. "ತಲೆನೋವಿಗೆ ಮದ್ರಾಸಿಗಾ? ಶುಂಠಿ ಅರೆದು ಹಚ್ಚು" ಅಂದ. ಮುಗಿಯಿತು. ಗಂಡ ಬರಲಿ, ಅವನೊಟ್ಟಿಗೆ ಹೋಗುತ್ತೇನೆ ಅಂತ ಅವಳು ಕಾದಳು.

ಯುದ್ಧ ಮುಗಿದ ಮೇಲೆ ಗಂಡ ಬಂದ. ಬೂಟು, ಖಾಕಿ ಚಡ್ಡಿ, ಕಬ್ಬಿಣದ ಟ್ರಂಕು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಗೋಡೆಯ ಈಚೆ ಇದ್ದೆ. ಅವನು ಅವಳನ್ನು ನೋಡಿ, "ಅವಳಿಲ್ವಾ ಒಳಗೆ?" ಅಂತ ಕೇಳಿದ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ವರ್ಷಗಟ್ಟಲೆ ನೋಡದವನಿಗೆ ಒಂದು ಕ್ಷಣ ಗೊತ್ತಾಗದಿರಬಹುದು. ಅಕ್ಕ ನಕ್ಕು, "ನಾನೇ ಮಾರಾಯ್ರೆ, ಬನ್ನಿ, ಕಾಲು ತೊಳೆಯಿರಿ" ಅಂದಳು. ಅವನು ಚೆಂಬಿನ ನೀರು ಮುಟ್ಟಲಿಲ್ಲ. ಟ್ರಂಕು ಎತ್ತಿಕೊಂಡು ಬಂದ ದಾರಿಯಲ್ಲೇ ಕಾವೂರಿಗೆ ನಡೆದ. ಸ್ವಲ್ಪ ದಿನದಲ್ಲಿ ಗುರಿಕಾರರ ಮನೆಯಿಂದ ಕರೆ ಬಂತು.

ಗುರಿಕಾರರು ಅಂದರೆ ನಮ್ಮ ಜನರ ಹಿರಿಯರು. ಮದುವೆಗೆ, ಸಾವಿಗೆ, ಜಗಳಕ್ಕೆ ಅವರ ಮಾತು ಬೇಕು. ಒಂದು ವಿಷಯ ನಿಮಗೆ ಹೇಳಬೇಕು. ನಮ್ಮಲ್ಲಿ ಆಗ ಗಂಡ ಹೆಂಡತಿ ಬಿಟ್ಟುಕೊಳ್ಳುವುದು ಕಷ್ಟದ್ದೇನೂ ಆಗಿರಲಿಲ್ಲ. ಗುರಿಕಾರರ ಎದುರು ಕಾರಣ ಹೇಳಿದರೆ ಆಯಿತು. ಆದರೆ ಕಾರಣ ಹೇಳಬೇಕು. ಕಾಯಿಲೆಯ ಹೆಂಡತಿಯನ್ನು ಬಿಟ್ಟ ಅಂತಾದರೆ ಮತ್ತೆ ಯಾವ ಮನೆಯವರೂ ಹೆಣ್ಣು ಕೊಡುವುದಿಲ್ಲ. ಭಾವನಿಗೆ ಅಕ್ಕನೂ ಬೇಡ, ಕೆಟ್ಟ ಹೆಸರೂ ಬೇಡ. ಅದಕ್ಕೆ ಅವನು ಒಂದು ದಾರಿ ಹುಡುಕಿದ್ದ.

ಕಾರ್ಖಾನೆಗೆ ರಜೆ ಇದ್ದ ಒಂದು ಮಧ್ಯಾಹ್ನ ಗುರಿಕಾರರ ಮನೆಯ ಜಗಲಿಯಲ್ಲಿ ಸೇರಿದರು. ನೆರೆಮನೆಯವನು ಅಂತ ನಾನೂ ಹೋಗಿದ್ದೆ.

"ಹೇಳು ಮಾರಾಯ, ನಿನ್ನದೆಂತ?" ಗುರಿಕಾರರು ಭಾವನನ್ನು ಕೇಳಿದರು.

"ನಾನು ಮದುವೆಯಾದ ಹೆಣ್ಣು ಇವಳಲ್ಲ, ಗುರಿಕಾರ್ರೇ."

"ಅಲ್ಲ ಅಂದ್ರೆ?"

"ಅಲ್ಲ ಅಂದ್ರೆ ಅಲ್ಲ. ಇದು ಯಾರೋ. ನೀವೇ ನೋಡಿ" ಅಂತ ತನ್ನ ಹತ್ತಿರದ ಫೋಟೋ ತೆಗೆದು ಚಾಪೆಯ ಮೇಲಿಟ್ಟ.

ಫೋಟೋ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಮ್ಮೆ ಅದನ್ನು, ಒಮ್ಮೆ ಅಕ್ಕನನ್ನು ನೋಡುತ್ತಿದ್ದರು. ಅದೇ ಫೋಟೋ! ಇದನ್ನೇ ನೋಡಿ ಡಾಕ್ಟ್ರಮ್ಮ ಇವಳಿಗೆ ಕಾಯಿಲೆ ಅಂತ ಹೇಳಿದ್ದರು. ಇದನ್ನೇ ನೋಡಿ ಇವರು, ಇವಳು ಇವಳೇ ಅಲ್ಲ ಅನ್ನಲು ಹೊರಟರು. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕ, "ಗಂಡಸಿಗೆ ಸೀರೆ ಉಡಿಸಿ ತಂದ ಹಾಗೆ ಉಂಟು" ಅಂದ. ಕೆಲವರು ತಡೆಯಲಾಗದೆ ನಕ್ಕರು.

"ಬಳೆ ಸಹ ಇಲ್ಲ ನೋಡಿ" ಅಂದ ಭಾವ. "ಗಂಡ ಇರುವ ಹೆಂಗಸಿನ ಕೈಯಾ ಇದು?"

ಅಕ್ಕ ಆ ತನಕ ತಲೆ ತಗ್ಗಿಸಿ ಕೂತಿದ್ದಳು. ಈಗ ಎದ್ದಳು. "ಗುರಿಕಾರ್ರೇ, ಹೋದ ವರ್ಷ ನಿಮ್ಮ ಈ ಮಾಡಿಗೆ ಹಂಚು ಹೊತ್ತು ಹಾಕಿದ್ದು ಯಾರು? ಆಗ ನನ್ನ ಹೆಸರು ಹಿಡಿದೇ ಕರೆದಿರಲ್ಲ? ಊಟ ಮಾಡಿ ಹೋಗು ಅಂತ ಹೇಳಿದಿರಲ್ಲ?"

"ಅದು ಬೇರೆ ವಿಷಯ ಮಾರಾಯ್ತಿ" ಅಂದರು ಗುರಿಕಾರರು.

"ಇದು ಕಾಯಿಲೆ. ಡಾಕ್ಟ್ರಮ್ಮ ಹೇಳಿದ್ದಾರೆ, ಬೇಕಾದ್ರೆ ಹೋಗಿ ಕೇಳಿ. ತಲೆಯೊಳಗೆ ಕಡ್ಲೆಯಷ್ಟು ಒಂದು ಗ್ರಂಥಿ..."

"ಕಡ್ಲೆ ಹುರಿದದ್ದಾ, ಹಸಿಯದ್ದಾ?" ಅದೇ ಮುದುಕ. ಈ ಸಲ ಎಲ್ಲರೂ ನಕ್ಕರು.

ಗುರಿಕಾರರು ಅಕ್ಕನ ಮಗಳನ್ನು ಕರೆದರು. ಅದಕ್ಕಾಗ ಆರೇಳು ವರ್ಷ. "ಹೆದರಬೇಡ ಮಗಾ, ಇದು ಯಾರು ಹೇಳು?" ಅಂದರು. ಮಗು ಅಕ್ಕನ ಸೆರಗು ಹಿಡಿದು "ಅಪ್ಪೆ" ಅಂದಿತು. ತುಳುವಿನಲ್ಲಿ ಅಮ್ಮ. ಇನ್ನೇನು ಬೇಕು? ನಾನು ಉಸಿರು ಬಿಟ್ಟೆ. ಆದರೆ ಭಾವ ಅದಕ್ಕೂ ತಯಾರಾಗಿ ಬಂದಿದ್ದ.

"ನಾನು ಹೋಗುವಾಗ ಈ ಮಗುವಿಗೆ ಹಲ್ಲು ಸಹ ಬಂದಿರಲಿಲ್ಲ. ಇವಳು ಎದುರು ಕಂಡದ್ದು ಈ ಮುಖವನ್ನೇ. ಇವಳಿಗೆ ಅವಳ ಮುಖ ಹೇಗೆ ಗೊತ್ತಾಗ್ಬೇಕು?"

ಹೌದಲ್ಲ ಅನ್ನುವ ಹಾಗೆ ತಲೆಗಳು ಆಡಿದವು. ನಾನು ಎದ್ದು ನಿಂತೆ. ದಿನಾ ಅಕ್ಕನೊಟ್ಟಿಗೆ ನಡೆಯುತ್ತೇನೆ, ಇವಳು ಅವಳೇ ಅಂತ ಹೇಳಲು ಹೋದೆ. "ನೀನು ಕೂತ್ಕೋ, ಅಕ್ಷರ ಬಾರದವನು ದೊಡ್ಡವರ ಮಧ್ಯೆ ಬಾಯಿ ಹಾಕುವುದು ಬೇಡ" ಅಂದರು. ನಾನು ಕೂರಲಿಲ್ಲ, ಮತ್ತೂ ಹೇಳಿದೆ. ಪಕ್ಕದವರು ಅಂಗಿ ಹಿಡಿದು ಎಳೆದು ಕೂರಿಸಿದರು.

ಕಡೆಗೆ ಅಣ್ಣನನ್ನು ಕೇಳಿದರು. ಅವನೊಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ಅವನು ಚಾಪೆಯ ದಾರ ಕೀಳುತ್ತ, "ನಾನೆಂತ ಹೇಳುವುದು ಗುರಿಕಾರ್ರೇ... ನೀವು ಹೇಳಿದ ಹಾಗೆ" ಅಂದ. ಕಿರಿಯ ತಂಗಿಯ ಸಂಬಂಧ ಮಾತಾಡಿ ಆಗುತ್ತಿದ್ದ ಹೊತ್ತು ಅದು. ಇವಳು ಇವಳಲ್ಲ ಅಂತಾದರೆ ಇವಳ ಕಾಯಿಲೆಯೂ ಮನೆತನದ್ದಲ್ಲ ಅಂತಾಯಿತಲ್ಲ. ಅವನ ಲೆಕ್ಕ ಅದು. ಅವನ ಮುಖ ನೆನಪಾದರೆ ಈಗಲೂ ನನ್ನ ಬೆರಳು ತಪ್ಪು ಅಕ್ಷರದ ಮೇಲೆ ಹೋಗುತ್ತದೆ.

ತೀರ್ಪು ಕೇಳಿ. "ಇಬ್ಬರಲ್ಲಿ ಯಾರನ್ನೂ ಸುಳ್ಳು ಅನ್ನುವುದು ಬೇಡ. ಈ ಫೋಟೋದಲ್ಲಿರುವ ಹೆಣ್ಣು ಈಗ ಇಲ್ಲ, ಅದು ಎಲ್ಲರಿಗೂ ಕಾಣ್ತದೆ. ಇಲ್ಲದವರಿಗೆ ಎಂತ ಮಾಡ್ಲಿಕ್ಕುಂಟೋ ಅದನ್ನು ಮಾಡುವ. ಕಾವೂರಿನಲ್ಲಿ ಅವಳ ಬೊಜ್ಜ ಮಾಡಿ ಮುಗಿಸಿ. ಇವಳು ಈಗ ಇರುವಲ್ಲೇ ಇರಲಿ, ಯಾರೂ ಓಡಿಸುವುದು ಬೇಡ."

ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ. ಎದುರು ಉಸಿರಾಡುತ್ತ ನಿಂತಿರುವ ಹೆಂಗಸಿಗೆ ಬೊಜ್ಜ! ಯಾರ ಮರ್ಯಾದೆಯೂ ಹೋಗದ ಹಾಗೆ ಎಷ್ಟು ಚಂದ ಮುಗಿಸಿದರು ಅಂತ ಎಲೆ ಅಡಿಕೆ ಮೆಲ್ಲುತ್ತ ಮಾತಾಡಿಕೊಂಡರು. ಅಕ್ಕ ಜಗಲಿಯಿಂದ ಇಳಿಯುವಾಗ ತಿರುಗಿ ನಿಂತು, ಆ ದಪ್ಪ ಸ್ವರದಲ್ಲಿ ಕೇಳಿದಳು.

"ಬೊಜ್ಜದ ಊಟಕ್ಕೆ ನನಗೂ ಹೇಳಿಕೆ ಉಂಟಾ, ಗುರಿಕಾರ್ರೇ? ಊರಿಗೆಲ್ಲ ಉಂಟಲ್ಲ, ಅದಕ್ಕೆ ಕೇಳಿದ್ದು."

ಅವಳ ಎಂದಿನ ತಮಾಷೆ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬೊಜ್ಜದ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಕರೆದಳು. "ಬರ್ತೀಯಾ? ಕಾವೂರಿಗೆ ಹೋಗುವ. ಒಬ್ಬಳೇ ಹೋದ್ರೆ ದಾರಿಯಲ್ಲಿ ನಾಯಿ ಬೊಗಳ್ತದೆ." ತಲೆ ಸ್ನಾನ ಮಾಡಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಮಗಳ ಕೈ ಹಿಡಿದುಕೊಂಡು ಹೊರಟಳು. ಬಿಸಿಲಿನಲ್ಲಿ ಅಷ್ಟು ದೂರ ನಡೆದೆವು. ಕೆರೆಯ ಹತ್ತಿರ ಒಮ್ಮೆ ಕೂತು ಮುಖ ಒರೆಸಿಕೊಂಡಳು. "ನನ್ನ ಮದುವೆಯ ದಿಬ್ಬಣ ಸಹ ಇಲ್ಲೇ ಕೂತು ನೀರು ಕುಡಿದಿತ್ತು" ಅಂದಳು, ಅಷ್ಟೇ...

ನಾವು ಮುಟ್ಟುವಾಗ ಅಂಗಳದಲ್ಲಿ ಚಪ್ಪರದಡಿ ಎಲೆ ಹಾಕಿ ಆಗಿತ್ತು. ಅಕ್ಕ ನೆಟ್ಟಗೆ ಹೋಗಿ ಹೆಂಗಸರ ಪಂಕ್ತಿಯಲ್ಲಿ ಖಾಲಿ ಇದ್ದ ಎಲೆಯ ಎದುರು ಕೂತಳು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಬಡಿಸುವವನು ಅನ್ನದ ಹೆಡಗೆ ಹಿಡಿದುಕೊಂಡು ಅವಳ ಎಲೆಯ ಎದುರು ನಿಂತುಬಿಟ್ಟ. ಭಾವ ಚಪ್ಪರದ ಕಂಬ ಹಿಡಿದುಕೊಂಡು ನಿಂತಿದ್ದ, ಗಡ್ಡ ಮೀಸೆ ಬೋಳಿಸಿಕೊಂಡು.

"ಬಡಿಸು ಮಾರಾಯ, ಎಂತ ನೋಡ್ತೀ? ಸತ್ತವಳಿಗೆ ಇಷ್ಟದ್ದೆಲ್ಲ ಮಾಡಿಸಿದ್ದಾರಲ್ಲ, ಸರಿ ಉಂಟಾ ಅಂತ ನೋಡುವ" ಅಂದಳು ಅಕ್ಕ.

ಬೊಜ್ಜದ ಅಡಿಗೆಯಲ್ಲಿ ಸತ್ತವರ ಬಾಯಿಗೆ ರುಚಿಯಾದದ್ದನ್ನು ಮಾಡುವ ಕ್ರಮ ಉಂಟು. ಅವನು ಅನ್ನ ಹಾಕಿದ. ಹಿಂದಿನವನು ಗುಳ್ಳ ಬದನೆಯ ಸಾಂಬಾರು ತಂದು ಸೌಟು ಬಗ್ಗಿಸಿದ. ಅಷ್ಟರಲ್ಲಿ ಅಡಿಗೆಯ ಕಡೆಯಿಂದ ಅವಳ ಅತ್ತೆ, ಭಾವನ ತಾಯಿ, ಓಡಿಬಂದರು. ಬಂದವರೇ ಸೌಟನ್ನು ಕೈಯಿಂದ ತಡೆದರು.

"ಅವಳಿಗೆ ಅದು ಹಾಕ್ಬೇಡ! ಗುಳ್ಳ ಆಗುವುದಿಲ್ಲ ಅವಳಿಗೆ, ಮೈಯೆಲ್ಲ ದದ್ದು ಏಳ್ತದೆ." ಮತ್ತೆ ಅಕ್ಕನ ಕಡೆಗೆ ಬಗ್ಗಿ, "ಸ್ವಲ್ಪ ಕೂತ್ಕೋ ಮಗಾ, ನಿನಗೆ ತೊವ್ವೆ ತರ್ತೇನೆ" ಅಂದರು.

ಚಪ್ಪರದಲ್ಲಿದ್ದವರೆಲ್ಲ ಕೇಳಿದರು. ಗುರಿಕಾರರು ಮೊದಲ ಪಂಕ್ತಿಯಲ್ಲಿದ್ದರು, ಅವರಿಗೂ ಕೇಳಿತು. ಮುದುಕಿಗೆ ತಾನು ಏನು ಹೇಳಿದೆ ಅಂತ ಆಮೇಲೆ ಗೊತ್ತಾಗಿ ಸೆರಗು ಬಾಯಿಗೆ ಒತ್ತಿಕೊಂಡರು. ಆದರೂ ತೊವ್ವೆ ತಂದರು, ತಾವೇ ಬಡಿಸಿದರು, ಅಕ್ಕ ಉಣ್ಣುವ ತನಕ ಅಲ್ಲೇ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕಿದರು. ಅಕ್ಕ ಎಲೆಯಲ್ಲಿ ಒಂದಗುಳೂ ಬಿಡದೆ ಉಂಡಳು.

ಇನ್ನು ತೀರ್ಪು ಬದಲಾಗುತ್ತದೆ ಅಂತ ನಾನು ತಿಳಿದಿದ್ದೆ. ಹೆಡ್ಡ ನಾನು. ಕೇಳಿದವರೆಲ್ಲ ಕೇಳದವರ ಹಾಗೆ ಊಟ ಮುಗಿಸಿ ಎದ್ದರು. ಪಾಯಸ ಚಂದ ಆಗಿತ್ತು ಅಂತ ಹೇಳುತ್ತ ಹೋದರು. ಗುರಿಕಾರರು ನಮ್ಮ ಕಡೆ ನೋಡದೆ ಕೊಡೆ ಬಿಡಿಸಿಕೊಂಡು ನಡೆದರು. ಮುಂದಿನ ವರ್ಷ ಭಾವ, ಹೆಂಡತಿ ತೀರಿಹೋದ ಗಂಡಸು ಅಂತ ಹೇಳಿಸಿಕೊಂಡು, ಬೇರೆ ಮದುವೆಯಾಗಿ ಬೊಂಬಾಯಿಗೆ ಹೋದ. ಅವರೆಲ್ಲರೂ ಒಳ್ಳೆಯವರೇ ಅಂತೆ. ಕಷ್ಟಕ್ಕೆ ಆಗುವವರು, ದೇವರಿಗೆ ಹೆದರುವವರು. ನಾನು ಇಷ್ಟು ವರ್ಷ ಯೋಚನೆ ಮಾಡಿದ್ದೇನೆ, ಆ ಒಳ್ಳೆಯವರನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ. ಕಾಯಿಲೆ ಅವಳ ಎಲುಬನ್ನು ಮಾತ್ರ ದೊಡ್ಡದು ಮಾಡಿತ್ತು. ಉಳಿದದ್ದನ್ನೆಲ್ಲ ಮಾಡಿದ್ದು ಇವರು.

ಅಕ್ಕ ಮತ್ತೂ ಕೆಲಸಕ್ಕೆ ಬಂದಳು. ಆದರೆ ನಗಿಸುವುದು ಕಡಿಮೆಯಾಯಿತು. ಆಮೇಲೆ ಕಣ್ಣು ಹೋಗತೊಡಗಿತು, ಎದುರಿನದ್ದು ಕಾಣುತ್ತಿತ್ತು, ಬದಿಯದ್ದು ಕಾಣುತ್ತಿರಲಿಲ್ಲ. ಗಾಡಿ ಬಂದರೆ ಗೊತ್ತಾಗದೆ ನಾನು ಕೈ ಹಿಡಿದು ನಡೆಸುತ್ತಿದ್ದೆ. ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ನಲವತ್ತು ಸಹ ಆಗಿರಲಿಲ್ಲ ಅವಳಿಗೆ.

ಸಾವಾದರೆ ಮೊದಲು ಗುರಿಕಾರರಿಗೆ ತಿಳಿಸಬೇಕು. ಅವರ ಮಾತಿಲ್ಲದೆ ನಮ್ಮ ಜನ ಹೆಣಕ್ಕೆ ಕೈ ಹಾಕುವುದಿಲ್ಲ. ಅಣ್ಣನೊಟ್ಟಿಗೆ ನಾನೂ ಹೋದೆ. ಅವರು ಜಗಲಿಯಲ್ಲಿ ಕೂತಿದ್ದರು.

"ಯಾರು ಹೋದದ್ದು?" ಅಂತ ಕೇಳಿದರು.

ಅಣ್ಣ ಹೆಸರು ಹೇಳಿದ.

"ಆ ಹೆಸರಿನವಳ ಬೊಜ್ಜ ಆಗಿದೆಯಲ್ಲ ಮಾರಾಯ. ಒಬ್ಬರಿಗೆ ಎರಡು ಸಲ ಮಾಡ್ಲಿಕ್ಕೆ ಕ್ರಮ ಇಲ್ಲ. ಬೇರೆ ಹೆಸರು ಉಂಟಾದ್ರೆ ಹೇಳು."

ನಾನು ಆ ದಿನ ಆಡಿದ ಮಾತನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಆಮೇಲೆ ಆ ಮನೆಯ ಮೆಟ್ಟಿಲನ್ನು ನಾನು ಹತ್ತಲಿಲ್ಲ. ಕಾರ್ಖಾನೆಯ ಹೆಂಗಸರು ಕೆಲಸ ಬಿಟ್ಟು ಬಂದರು. ಅವರೇ ಮೀಯಿಸಿದರು, ಅವರೇ ಅತ್ತರು. ನಾವು ನಾಲ್ಕು ಜನ ಹೊತ್ತೆವು. ಮಂತ್ರ ಇಲ್ಲ, ಕ್ರಮ ಇಲ್ಲ, ಹೆಸರು ಹಿಡಿದು ನೀರು ಬಿಡುವವರಿಲ್ಲ. ಮಳೆಗೆ ಕಟ್ಟಿಗೆ ಹತ್ತದೆ... ಸಾಕು, ಅದನ್ನು ಬರೆಯುವುದು ಬೇಡ.

ಮಗಳನ್ನು ಅವಳ ಅಜ್ಜಿ, ಕಾವೂರಿನ ಆ ಮುದುಕಿ, ಬಂದು ಕರೆದುಕೊಂಡು ಹೋಗಿ ಸಾಕಿದರು. ಮಗಳು ಬೆಳೆದಳು, ಮದುವೆಯಾಗಿ ಮಕ್ಕಳಾಗಿ, ಈಗ ಅವಳೂ ಇಲ್ಲ. ನಾನು ಅಕ್ಕ ಹೋದ ವರ್ಷವೇ ಪಾಟಿ ಬಳಪ ಹಿಡಿದೆ. ಅಕ್ಷರ ಬಾರದವನು ಅಂತ ಕೂರಿಸಿದ್ದರಲ್ಲ.

ಮೊಮ್ಮಗಳು ನರ್ಸಿಂಗ್ ಓದುತ್ತಾಳೆ. ಬಳೆ ಅಂಗಡಿಯಿಂದ ಬಂದ ಮೇಲೆ ಅವಳಿಗೆ ಇದೆಲ್ಲ ಹೇಳಿದೆ. "ಅಜ್ಜ, ಅದು ಆಕ್ರೊಮೆಗಲಿ" ಅಂದಳು. ಈಗ ರಕ್ತ ಪರೀಕ್ಷೆಯಲ್ಲೇ ಗೊತ್ತಾಗುತ್ತದಂತೆ. ಮೂಗಿನ ಒಳಗಿಂದಲೇ ಹೋಗಿ ಆ ಗ್ರಂಥಿಯಲ್ಲಿ ಬೆಳೆದ ಗಡ್ಡೆಯನ್ನು ತೆಗೆಯುತ್ತಾರಂತೆ, ಮಾತ್ರೆ, ಇಂಜೆಕ್ಷನ್ ಉಂಟಂತೆ. ಅದೇ ಗ್ರಂಥಿ ಚಿಕ್ಕಂದಿನಲ್ಲಿ ಹೆಚ್ಚು ಕೆಲಸ ಮಾಡಿದರೆ ಮನುಷ್ಯ ತಾಳೆಮರದ ಹಾಗೆ ಬೆಳೆಯುವುದು, ಕಡಿಮೆ ಮಾಡಿದರೆ ಬೆಳೆಯದೆ ಕುಳ್ಳಾಗಿ ಉಳಿಯುವುದು ಅಂತಲೂ ಹೇಳಿದಳು. ಹಾಗಾದರೆ ನಾವು ಇಷ್ಟು ಕಾಲ ನೋಡಿ ನಕ್ಕವರೆಲ್ಲ ಯಾರು? ಕೇಳಿಕೊಳ್ಳಬೇಕಾದ ಮಾತು ಇದು.

ಅಕ್ಕನ ಹೆಸರು ಹಾಕಿ, ಆ ಫೋಟೋ ಸಹ ಹಾಕಿ ಇದನ್ನು ಬರೆಯಬೇಕು ಅಂತ ನನಗೆ ಆಸೆಯಾಯಿತು. ಅವಳ ಮಗಳ ಮಗನಿಗೆ ಫೋನು ಮಾಡಿದೆ. ಓದಿದವನು, ಒಳ್ಳೆಯ ಹುದ್ದೆಯಲ್ಲಿದ್ದಾನೆ, ಮರ್ಯಾದೆಯಿಂದಲೇ ಮಾತಾಡಿದ. ಎಲ್ಲ ಕೇಳಿಸಿಕೊಂಡ. ಕಡೆಗೆ, "ಬರೆಯಿರಿ ಅಜ್ಜ, ಒಳ್ಳೆದು. ಆದ್ರೆ ಹೆಸರು ಮಾತ್ರ ಬೇಡ. ಮಗಳಿಗೆ ಗಂಡು ನೋಡ್ತಾ ಇದ್ದೇವೆ. ಇಂಥದ್ದು ಮನೆತನದಲ್ಲಿ ಉಂಟು ಅಂತ ಗೊತ್ತಾದ್ರೆ ಕಷ್ಟ ಆಗ್ತದೆ" ಅಂದ.

ಫೋನು ಇಟ್ಟೆ. ಕಂಪ್ಯೂಟರಿನಲ್ಲಿ ಅಷ್ಟರಲ್ಲಾಗಲೇ ಅವಳ ಹೆಸರು ಕುಟ್ಟಿ ಆಗಿತ್ತು. ಆ ಹುಡುಗಿಯ ಮದುವೆಗೆ ನನ್ನಿಂದ ಅಡ್ಡಿ ಬೇಡ ಅಂತ ಒಂದೊಂದೇ ಅಕ್ಷರವಾಗಿ ಅಳಿಸಿದೆ. ಕುಟ್ಟಲು ಹಿಡಿದಷ್ಟೇ ಹೊತ್ತು ಅಳಿಸಲಿಕ್ಕೂ ಹಿಡಿಯಿತು. ಈಗ ಕಾಯಿಲೆಗೆ ಹೆಸರು ಉಂಟು, ನನ್ನ ಅಕ್ಕನಿಗೆ ಇಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಇಂಥವರು ಇದ್ದಿರಬಹುದು. ಅತಿ ಉದ್ದ ಅಂತ, ಅತಿ ಗಿಡ್ಡ ಅಂತ, ಮುಖ ಹೀಗೆ, ಕೈ ಹಾಗೆ ಅಂತ ಬದಿಗೆ ಕೂರಿಸಿದವರು. ಅವರ ಬಗ್ಗೆ ಬರೆಯಿರಿ, ನಾನು ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ. ಆಗುವುದಾದರೆ, ಅವರ ಹೆಸರು ಹಾಕಿ ಬರೆಯಿರಿ.